ಎಚ್ ಆಂಡ್ ಎನ್ ಫಿನಾಲೆ ಮ್ಯಾಚ್ ಹೆವಿ: ತಲೆಯ ಅಳತೆ ನೋಡಿ ಕೊಳ್ಳಿ

10 ಮೀಟರ್ ಏರ್ ರೈಫಲ್ ಹೊಡೆಯುವವರಿಗೆ ಈ ಜರ್ಮನ್ ಪೆಲೆಟ್ (ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು) ಹೊಸದಲ್ಲ. ಡಬ್ಬಿಗೆ 500, ಒಂದರ ತೂಕ 0.53 ಗ್ರಾಂ. ಮಾಲು ಒಳ್ಳೆಯದೇ. ಆದರೆ ಡಬ್ಬಿಯ ಚೀಟಿಯಲ್ಲಿ 4.49, 4.50, 4.51 ಎಂದು ತಲೆಯ ಅಳತೆ, ಅಂದರೆ ಪೆಲೆಟ್‌ನ ಮುಂಭಾಗದ ವ್ಯಾಸ, ಮಿ.ಮೀ.ನಲ್ಲಿ ಬರೆದಿರುತ್ತದೆ. ಅದನ್ನು ಗಮನಿಸದೆ ಹತ್ತು ಡಬ್ಬಿ ಒಟ್ಟಿಗೆ ತರಿಸಿದರೆ ದುಡ್ಡು ದಂಡ. ಒಂದೇ ಕಂಪನಿಯ ಎರಡು ರೈಫಲ್‌ಗಳಿಗೂ ಒಂದೇ ಅಳತೆ ಹಿಡಿಸಬೇಕೆಂದಿಲ್ಲ. ಮೂವರು ಸೇರಿ ಮೂರೂ ಅಳತೆಯ ಒಂದೊಂದು ಡಬ್ಬಿ ತರಿಸಿ ಹಂಚಿಕೊಳ್ಳುವುದು ಲೇಸು.

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಖಾಲಿ ಅಡಿಕೆ ಗೋದಾಮಿನಲ್ಲಿ 10 ಮೀಟರ್ ಜಾಗ ಸಿಕ್ಕರೂ ಪರೀಕ್ಷೆಗೆ ಸಾಕು. ಗುರಿಯ ಹಿಂದೆ ಪೆಲೆಟ್ ಹಿಡಿದಿಡುವ ಉಕ್ಕಿನ ಪೆಟ್ಟಿಗೆ (ಪೆಲೆಟ್ ಟ್ರ್ಯಾಪ್) ಇರಲಿ, ಆ ಕಡೆಯ ಬಾಗಿಲಿಗೆ ಚಿಲಕ ಬಿದ್ದಿರಲಿ. ಕೈಯಲ್ಲಿ ಹಿಡಿದು ಹೊಡೆದು ಪೆಲೆಟ್‌ಗೆ ಅಂಕ ಕೊಡಬೇಡಿ. ರೈಫಲನ್ನು ಮರಳಿನ ಚೀಲದ ಮೇಲಿಡಿ, ಬಿಗಿಯಾಗಿ ಕಚ್ಚಿ ಹಿಡಿಯುವ ವೈಸ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ನಳಿಕೆಯನ್ನು ವೈಸ್‌ಗೆ ಕಚ್ಚಿಸಬಾರದು. ಅಳತೆ ಬದಲಿಸಿದಾಗ ಮೊದಲ ಹತ್ತು ಹೊಡೆತ ಲೆಕ್ಕಕ್ಕಿಲ್ಲ, ನಳಿಕೆಯೊಳಗೆ ಹಿಂದಿನ ಪೆಲೆಟ್‌ನ ಸೀಸ ಅಂಟಿರುತ್ತದೆ. ಆಮೇಲೆ ಐದೈದು ಹೊಡೆತದ ನಾಲ್ಕು ಗ್ರೂಪ್ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು) ಹೊಡೆಯಿರಿ. ಒಂದೇ ಒಂದು ಚಂದದ ಗ್ರೂಪ್‌ಗೆ ಮರುಳಾಗುವವರೇ ಹೆಚ್ಚು! ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್‌ನಲ್ಲಿ ಅಳೆದು, ಪೆಲೆಟ್‌ನ ಅಗಲ 4.5 ಮಿ.ಮೀ. ಕಳೆಯಿರಿ. ಗ್ರೂಪ್ ಕಿರಿದಾದಷ್ಟೂ ಆ ಅಳತೆ ನಿಮ್ಮ ರೈಫಲ್‌ಗೆ ಹಿಡಿಸುತ್ತದೆ. ರೈಫಲ್‌ನ ಗಾಳಿ ಸಿಲಿಂಡರ್‌ನ ಒತ್ತಡ ತೀರಾ ಇಳಿದಿದ್ದರೆ ವೇಗ ಏರುಪೇರಾಗಿ ಗ್ರೂಪ್ ಮೇಲೆ-ಕೆಳಗೆ ಉದ್ದವಾಗುತ್ತದೆ. ಆ ದೂರನ್ನು ಪೆಲೆಟ್ ಮೇಲೆ ಹೊರಿಸಬೇಡಿ.

ಪೆಲೆಟ್‌ಗಳನ್ನು ಒಂದೊಂದಾಗಿ ತೂಗಿ ಬೇರ್ಪಡಿಸಬೇಕೇ? ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋಗುವ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 17 ಮಿ.ಮೀ. ಇಳಿಯುತ್ತದೆ. 0.01 ಗ್ರಾಂ ಭಾರ ಹೆಚ್ಚಿದರೆ ವೇಗ ತಗ್ಗಿ ಇನ್ನೊಂದು 0.3 ಮಿ.ಮೀ. ಕೆಳಕ್ಕೆ. ಗುರಿಯ ಮೇಲೆ 0.1 ಅಂಕಕ್ಕೆ ಇರುವ ಅಂತರ 0.25 ಮಿ.ಮೀ., ಹಾಗಾಗಿ 10.5 ಬರಬೇಕಾದಲ್ಲಿ 10.4 ಬಂದೀತು. ರಾಜ್ಯಮಟ್ಟಕ್ಕೆ ಹೋಗುವವರು ಮಿಲಿಗ್ರಾಂ ತೋರಿಸುವ ತಕ್ಕಡಿ ಇಟ್ಟುಕೊಳ್ಳಲಿ. ಕಲಿಯುವ ಮಕ್ಕಳಿಗೆ ಆ ಕಿರಿಕಿರಿ ಬೇಡ, ಸ್ಕರ್ಟ್ (ಪೆಲೆಟ್‌ನ ಹಿಂಬದಿಯ ಟೊಳ್ಳು ಅಂಚು) ನಜ್ಜಿದೆಯೇ ನೋಡಿದರೆ ಸಾಕು. ಗಾಜಿನ ಮೇಲೆ ಉರುಳಿಸಿ, ಕುಲುಕುತ್ತಾ ಹೋಗುವುದನ್ನು ಬದಿಗಿಡಿ. ಕೊರಿಯರ್‌ನಲ್ಲಿ ಪೆಟ್ಟು ತಿಂದ ಡಬ್ಬಿಯಲ್ಲಿ ಇಂಥವು ಜಾಸ್ತಿ.

ಆಟಿ ತಿಂಗಳ ಮಳೆಯ ತೇವಕ್ಕೆ ತೆರೆದಿಟ್ಟ ಡಬ್ಬಿಯ ಸೀಸ ಬಿಳಿ ಹುಡಿ ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿ ಮುಚ್ಚಳಕ್ಕೆ ಟೇಪ್ ಸುತ್ತಿಡಿ. ಹುಡಿ ಹಿಡಿದದ್ದನ್ನು ಉಜ್ಜಿ ಬಳಸಬೇಡಿ, ಅದು ವಿಷ. ಹೊಸ ಪೆಲೆಟ್ ಮುಟ್ಟಿದರೂ ಸಾಬೂನು ಹಾಕಿ ಕೈ ತೊಳೆಯದೆ ತಿಂಡಿಗೆ ಕೂರಬಾರದು.

ಅಳತೆ ಗೊತ್ತಾದ ಮೇಲೆ ಅದೇ ಲಾಟ್ (ಒಂದೇ ಸಲ ತಯಾರಾದ ಕಂತು) ನಂಬರಿನದ್ದನ್ನೇ ಕೇಳಿ ತರಿಸಿ. ಲಾಟ್ ಬದಲಾದರೆ ಪರೀಕ್ಷೆ ಮತ್ತೆ ಮೊದಲಿನಿಂದ.