ಸಂಡೂರಿನ ಏರಿನಲ್ಲಿ ಸೋತಿದ್ದ ಯೆಜ್ಡಿ ರೋಡ್‌ಕಿಂಗ್: ಹದಿನಾರು ವರ್ಷಗಳ ಬಳಕೆಯ ಅನುಭವ

ಬಳ್ಳಾರಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರಿಂದ 2009ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಬೈಕ್ ಇಂದಿಗೂ ನನ್ನ ದಿನಬಳಕೆಯ ಗಾಡಿ. ಇದು 1987ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಗಾಡಿಗಳು ನಮ್ಮ ಭಾಗದಲ್ಲಿ ಇನ್ನೂ ಓಡುತ್ತಿರುವುದಕ್ಕೆ ಒಂದೇ ಕಾರಣವೆಂದರೆ ಈ 250 ಸಿಸಿ ಟೂ-ಸ್ಟ್ರೋಕ್ ಎಂಜಿನ್ ಕಡಿಮೆ ವೇಗದಲ್ಲಿ ತೋರುವ ಎಳೆತ. ಸಂಡೂರಿನಿಂದ ಕುಮಾರಸ್ವಾಮಿ ದೇವಸ್ಥಾನದ ಕಡೆಗೆ ಹೋಗುವ ಘಾಟಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಆಕ್ಸಿಲರೇಟರ್ ಅರ್ಧವಷ್ಟೇ ತಿರುವಿ, ಮೂರನೇ ಗೇರಿನಲ್ಲಿಯೇ ಹತ್ತಿಸುತ್ತಿದ್ದೆ. ಬ್ರೇಕು, ಆರು ವೋಲ್ಟಿನ ಮಂದ ದೀಪ, ಊರೊಳಗಿನ ಮೈಲೇಜು, ಇವುಗಳ ಬಗ್ಗೆ ಹೊಗಳುವಂಥದ್ದು ಹೆಚ್ಚಿಲ್ಲ. ಆದರೆ ಆ ಎಳೆತಕ್ಕಾಗಿ ಉಳಿದದ್ದನ್ನೆಲ್ಲ ಸಹಿಸಿಕೊಳ್ಳಬಹುದು.

ಆ ಎಳೆತವೇ 2021ರ ಹೊತ್ತಿಗೆ ಕಾಣೆಯಾಗಿತ್ತು. ಶಕ್ತಿ ಒಂದೇ ದಿನ ಕುಸಿದರೆ ಯಾರಿಗಾದರೂ ತಿಳಿಯುತ್ತದೆ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಸೋರಿಹೋದರೆ ಸವಾರನ ಕೈ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ತೋರಣಗಲ್ಲಿನವರೆಗಿನ ಸಮತಟ್ಟಾದ ಹೆದ್ದಾರಿಯಲ್ಲಿ ನನಗೆ ಏನೂ ಅನ್ನಿಸಿರಲಿಲ್ಲ. ಘಾಟಿಯ ಒಂದು ತಿರುವಿನಲ್ಲಿ ಎರಡನೇ ಗೇರಿಗೆ ಇಳಿಯಬೇಕಾಗಿ ಬಂದಾಗಲೇ ಸಂಗತಿ ಸ್ಪಷ್ಟವಾದದ್ದು. ಹಳೆಯ ಗಾಡಿ ಇಟ್ಟುಕೊಂಡವರು ತಮ್ಮ ಊರಿನ ಹತ್ತಿರದ ಯಾವುದಾದರೂ ಒಂದು ಏರನ್ನು ಹೀಗೆ ಅಳತೆಗೋಲಾಗಿ ಇರಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮೊದಲು ತೋರಿಸಿದ ಮೇಸ್ತ್ರಿ ಎರಡು ಸಲ ಕಿಕ್ ಹೊಡೆದು, "ಬೋರ್ ಹೋಗೈತ್ರಿ ಸರ, ಹೊಸಾ ಪಿಸ್ಟನ್ ಹಾಕ್ಬೇಕು" ಎಂದರು. ಹೊಗೆ ಬರುವ ಟೂ-ಸ್ಟ್ರೋಕ್ ಗಾಡಿಗೆ ಈ ಮಾತನ್ನು ಯಾರಾದರೂ ಹೇಳಬಹುದು. ಆದರೆ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಒಮ್ಮೆ ಕೊರೆಸಿದರೆ ಲೋಹ ಮರಳಿ ಬರುವುದಿಲ್ಲ. ಕೊರೆದ ಬೋರಿಗೆ ಹಾಕುವ ದಪ್ಪನೆಯ (ಓವರ್‌ಸೈಜ್) ಪಿಸ್ಟನ್‌ಗಳಿಗೂ ಒಂದು ಮಿತಿಯಿದೆ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳನ್ನೆಲ್ಲ ಮುಗಿಸಿದ ಮೇಲೆಯೇ ಬೋರಿಗೆ ಕೈಹಾಕುವುದೆಂದು ನಿರ್ಧರಿಸಿದೆ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿರಲಿಲ್ಲ, ಪೈಪಿನಲ್ಲಿ ಹರಿವು ಸರಿಯಾಗಿತ್ತು. ಪ್ಲಗ್ಗಿಗೆ ಕಿಡಿ ಕೊಡಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಅಂತರವನ್ನು 0.4 ಮಿ.ಮೀ.ಗೆ ಹೊಂದಿಸಿದ್ದರಿಂದ ಸ್ಟಾರ್ಟ್ ಆಗುವುದು ಸುಲಭವಾಯಿತೇ ಹೊರತು ಏರಿನಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಏರ್ ಫಿಲ್ಟರ್ ಮಾತ್ರ ಗಣಿಲಾರಿಗಳ ರಸ್ತೆಯ ಕೆಂಪು ಧೂಳಿನಿಂದ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಗಾಳಿ ಕಡಿಮೆಯಾದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ. ನನ್ನ ಪ್ಲಗ್ ಕಪ್ಪಾಗಿದ್ದುದಷ್ಟೇ ಅಲ್ಲ, ಎಣ್ಣೆಯಿಂದ ಒದ್ದೆಯಾಗಿಯೂ ಇತ್ತು. ಈ ಒದ್ದೆಯನ್ನು ನಾನು ಆಗಲೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ನಂತರ ಎರಡೂ ಸೈಲೆನ್ಸರ್‌ಗಳ ಒಳಕೊಳವೆಗಳನ್ನು ಎಳೆದು ತೆಗೆದೆ. ಎಡಗಡೆಯದರ ರಂಧ್ರಗಳು ಕಾರ್ಬನ್‌ನಿಂದ ಬಹುತೇಕ ಮುಚ್ಚಿಹೋಗಿದ್ದವು. ಸುಟ್ಟ ಹೊಗೆ ಹೊರಹೋಗದಿದ್ದರೆ ಹೊಸ ಮಿಶ್ರಣಕ್ಕೆ ಸಿಲಿಂಡರಿನಲ್ಲಿ ಜಾಗವಿರುವುದಿಲ್ಲ. ಪಿಸ್ಟನ್ನನ್ನು ಕೆಳತುದಿಗೆ ತಂದು, ಎಕ್ಸಾಸ್ಟ್ ಪೋರ್ಟುಗಳ (ಹೊಗೆ ಹೊರಹೋಗುವ ಕಿಂಡಿಗಳ) ಕಾರ್ಬನ್ನನ್ನು ಮರದ ಚಕ್ಕೆಯಿಂದ ಕೆರೆದು ತೆಗೆದೆ. ಕೆಲವರು ಒಳಕೊಳವೆಯನ್ನೇ ಬಿಸಾಡಿ, ಶಬ್ದ ಹೆಚ್ಚಾದದ್ದನ್ನು ಶಕ್ತಿ ಹೆಚ್ಚಾಯಿತೆಂದು ತಿಳಿಯುತ್ತಾರೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರಿನ ಹಿಮ್ಮೊತ್ತಡವೂ ಲೆಕ್ಕದ ಭಾಗವಾದ್ದರಿಂದ ಸ್ವಚ್ಛಗೊಳಿಸಿ ಮತ್ತೆ ಕೂರಿಸುವುದೇ ಸರಿ. ಇಷ್ಟು ಮಾಡಿದ ಮೇಲೆ ಹೋದ ಶಕ್ತಿಯಲ್ಲಿ ಅರ್ಧದಷ್ಟು ಮರಳಿತು. ಮೂರನೇ ಗೇರ್ ಆಗಲೂ ಹಿಡಿಯಲಿಲ್ಲ.

ಉಳಿದ ಅರ್ಧದ ಸುಳಿವು ಸಿಕ್ಕಿದ್ದು ಗೇರ್ ಆಯಿಲ್ ನೋಡಿದಾಗ. ಮೂರು ತಿಂಗಳ ಹಿಂದೆಯಷ್ಟೇ ತುಂಬಿಸಿದ್ದ ಎಣ್ಣೆ ಬಹಳಷ್ಟು ಕಡಿಮೆಯಾಗಿತ್ತು. ಗಾಡಿ ನಿಲ್ಲಿಸುವ ಜಾಗದಲ್ಲಿ ಮಾತ್ರ ಒಂದು ಹನಿಯೂ ಬಿದ್ದಿರಲಿಲ್ಲ. ಕೆಳಗೆ ಸೋರದ ಎಣ್ಣೆ ಎಂಜಿನ್ನಿನೊಳಗೇ ಹೋಗಿ ಉರಿಯುತ್ತಿರಬೇಕು. ಈ ಎಂಜಿನ್ನಿನಲ್ಲಿ ಮಿಶ್ರಣ ಮೊದಲು ಸಿಲಿಂಡರಿನ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ನಂತರ ಸಿಲಿಂಡರಿಗೆ ಏರುತ್ತದೆ. ಕ್ರ್ಯಾಂಕಿನ ಕ್ಲಚ್ ಬದಿಯ ಆಯಿಲ್ ಸೀಲ್ (ಎಣ್ಣೆ, ಗಾಳಿ ದಾಟದಂತೆ ತಡೆಯುವ ರಬ್ಬರ್ ಬಳೆ) ಸವೆದರೆ ಪಿಸ್ಟನ್ ಮೇಲೇರುವಾಗ ಗೇರ್ ಆಯಿಲ್ ಒಳಗೆ ಎಳೆಯಲ್ಪಡುತ್ತದೆ. ಕೆಳಗಿಳಿಯುವಾಗ ಸಿಲಿಂಡರಿಗೆ ಹೋಗಬೇಕಾದ ಒತ್ತಡ ಗೇರ್‌ಬಾಕ್ಸಿನ ಕಡೆಗೆ ನುಸುಳಿಹೋಗುತ್ತದೆ. ದಟ್ಟ ಹೊಗೆ, ಒದ್ದೆ ಪ್ಲಗ್, ಕಡಿಮೆ ವೇಗದಲ್ಲಿ ಎಳೆತವಿಲ್ಲದಿರುವುದು, ಈ ಮೂರಕ್ಕೂ ಅದೊಂದೇ ಸೀಲ್ ಕಾರಣವಾಗಬಲ್ಲದು. ಕ್ರ್ಯಾಂಕಿನ ಇನ್ನೊಂದು ತುದಿಯ, ಡೈನಮೋ ಬದಿಯ ಸೀಲ್ ಹೋದರೆ ಲಕ್ಷಣಗಳು ತಿರುಗುಮುರುಗಾಗುತ್ತವೆ: ಅಲ್ಲಿಂದ ಬರಿಯ ಗಾಳಿ ಒಳಬಂದು, ಐಡ್ಲಿಂಗ್ ತಾನಾಗಿಯೇ ಏರಿ, ಪ್ಲಗ್ ಬಿಳಿಚಿಕೊಳ್ಳುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಅದನ್ನು ಕಡೆಗಣಿಸಿದರೆ ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಹಿಡಿದುಕೊಳ್ಳುವ ಅಪಾಯವಿದೆ.

ಊಹೆಯನ್ನು ನಂಬಿ ಎಂಜಿನ್ ಬಿಚ್ಚಲು ಮನಸ್ಸಾಗಲಿಲ್ಲ. ಮನೆಯಲ್ಲಿದ್ದ ಹಳೆಯ ಬಿಪಿ ಯಂತ್ರದ ಬಲ್ಬು ಮತ್ತು ಮೀಟರನ್ನು, ಪಿಂಗಾಣಿ ಒಡೆದು ತೆಗೆದ ಹಳೆಯ ಪ್ಲಗ್ಗಿಗೆ ರಬ್ಬರ್ ಪೈಪಿನಿಂದ ಜೋಡಿಸಿದೆ. ಕಾರ್ಬುರೇಟರ್ ಜಾಗವನ್ನೂ ಎರಡು ಎಕ್ಸಾಸ್ಟ್ ಬಾಯಿಗಳನ್ನೂ ಟ್ಯೂಬಿನ ರಬ್ಬರಿನಿಂದ ಬಿಗಿಯಾಗಿ ಮುಚ್ಚಿ, ಪಿಸ್ಟನ್ನನ್ನು ಕೆಳತುದಿಯಲ್ಲಿ ನಿಲ್ಲಿಸಿ ಗಾಳಿ ಒತ್ತಿದೆ. ಬಿಪಿ ಮೀಟರಿನಲ್ಲಿ ಒತ್ತಡ 250ಕ್ಕೆ ಏರಿ, ನೋಡನೋಡುತ್ತಿದ್ದಂತೆಯೇ ಇಳಿಯಿತು. ಗೇರ್ ಆಯಿಲ್ ತುಂಬುವ ರಂಧ್ರಕ್ಕೆ ಸೋಪಿನ ನೊರೆ ಹಚ್ಚಿ ಮತ್ತೆ ಒತ್ತಿದಾಗ ನೊರೆ ಗುಳ್ಳೆಯಾಗಿ ಉಬ್ಬಿತು. ಹದಿನಾರು ವರ್ಷಗಳಲ್ಲಿ ಈ ಗಾಡಿ ನನಗೆ ಕೊಟ್ಟ ಅತ್ಯಂತ ಸಂತೋಷದ ಕ್ಷಣಗಳಲ್ಲಿ ಅದೂ ಒಂದು.

ಬೇರೊಬ್ಬ ಹಿರಿಯ ಮೇಸ್ತ್ರಿ ನನ್ನೆದುರಿಗೇ ಕ್ಲಚ್ ಮತ್ತು ಚೈನ್ ಕಳಚಿ ಸೀಲ್ ಹೊರತೆಗೆದಾಗ ಅದರ ತುಟಿ ಪ್ಲಾಸ್ಟಿಕ್ಕಿನಂತೆ ಬಿರುಸಾಗಿತ್ತು. ಇಷ್ಟು ವರ್ಷ ಬಾಳಿದ ರಬ್ಬರನ್ನು ದೂರುವಂತಿಲ್ಲ. ಅಳತೆ ಹೊಂದಿಸಿ ಬೇರಿಂಗ್ ಅಂಗಡಿಯಿಂದ ಎರಡೂ ಬದಿಗೆ ವಿಟಾನ್ ಎಂಬ ವಿಶೇಷ ರಬ್ಬರಿನ ಸೀಲ್ ತಂದೆವು. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಅದು ಸಾಮಾನ್ಯ ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ. ಅದೇ ಕೆಲಸದಲ್ಲಿ ಪಿಸ್ಟನ್ ರಿಂಗುಗಳನ್ನು ಸಿಲಿಂಡರಿನಲ್ಲಿಟ್ಟು ಅವುಗಳ ತುದಿಗಳ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳಿಂದ) ಅಳೆದೆವು. ಬೋರ್ ಕೊರೆಸುವ ಅಗತ್ಯವೇ ಇರಲಿಲ್ಲ.

ಈಗ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ-ಟಿ (ಟೂ-ಸ್ಟ್ರೋಕ್) ಆಯಿಲ್ ಬೆರೆಸಿ ಓಡಿಸುತ್ತಿದ್ದೇನೆ. ಫಿಲ್ಟರನ್ನು ತಿಂಗಳಿಗೊಮ್ಮೆ, ಸೈಲೆನ್ಸರ್‌ಗಳನ್ನು ವರ್ಷಕ್ಕೊಮ್ಮೆ ಸ್ವಚ್ಛಗೊಳಿಸುತ್ತೇನೆ. ಘಾಟಿಯ ಆ ತಿರುವನ್ನು ಗಾಡಿ ಮತ್ತೆ ಮೂರನೇ ಗೇರಿನಲ್ಲಿಯೇ ಹತ್ತುತ್ತಿದೆ. ಇಂಥ ಗಾಡಿಯನ್ನು ಕೊಳ್ಳಲು ಹೋಗುವವರು ಬಣ್ಣ, ಕ್ರೋಮ್ ನೋಡುವ ಮೊದಲು ಗೇರ್ ಆಯಿಲ್ ಎಷ್ಟು ದಿನಕ್ಕೊಮ್ಮೆ ತುಂಬಿಸುತ್ತೀರೆಂದು ಮಾಲೀಕರನ್ನು ಕೇಳಿ ನೋಡಿ.