ವಾಲ್ವ್ ಆಂಪ್ಲಿಫೈಯರ್: ನೆಗೆಟಿವ್ ಫೀಡ್‌ಬ್ಯಾಕ್ ಒಂದೇ ಸಾಕೇ, ಜೊತೆಗೆ ಪಾಸಿಟಿವ್ ಬೇಕೇ?

ದಾವಣಗೆರೆಯ ಗೆಳೆಯರೊಬ್ಬರು ಇಎಲ್84 ಎಂಬ ವಾಲ್ವಿನ (ನಿರ್ವಾತ ನಳಿಕೆಯ) ಆಂಪ್ಲಿಫೈಯರ್ ಕಟ್ಟಲು ಹೊರಟಿದ್ದಾರೆ. ಫೀಡ್‌ಬ್ಯಾಕ್ ಎಂದರೆ ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಕ್ಕೆ ಮರಳಿಸುವುದು; ಅದು ಇನ್‌ಪುಟ್ಟನ್ನು ತಗ್ಗಿಸಿದರೆ ನೆಗೆಟಿವ್, ಹೆಚ್ಚಿಸಿದರೆ ಪಾಸಿಟಿವ್. ನೆಗೆಟಿವ್ ಫೀಡ್‌ಬ್ಯಾಕ್ ಮಾತ್ರ ಇಡಲೇ, ಒಳಗೊಂದು ಪಾಸಿಟಿವ್ ಸುತ್ತನ್ನೂ ಸೇರಿಸಲೇ ಎಂಬುದು ಅವರ ಪ್ರಶ್ನೆ.

ಖರ್ಚಿನಲ್ಲಿ ಪಾಸಿಟಿವ್ ಬಲು ಅಗ್ಗ. ಮೊದಲ ಎರಡು ಹಂತಗಳ ಕ್ಯಾಥೋಡ್‌ಗಳಿಗೆ (ವಾಲ್ವಿನಲ್ಲಿ ಎಲೆಕ್ಟ್ರಾನ್ ಹೊಮ್ಮಿಸುವ ತುದಿಗಳಿಗೆ) ಬೈಪಾಸ್ ಕೆಪಾಸಿಟರ್, ಅಂದರೆ ಅಲ್ಲಿನ ಸಂಕೇತವನ್ನು ಗ್ರೌಂಡಿಗೆ ಹರಿಸಿಬಿಡುವ ಕೆಪಾಸಿಟರ್, ಹಾಕದೆ, ಅವುಗಳ ನಡುವೆ ಒಂದು ರೆಸಿಸ್ಟರ್ ಬೆಸೆದರೆ ಗೇನ್ (ಸಂಕೇತ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬ ಅಳತೆ) ಏರುತ್ತದೆ. ಇನ್ನೊಂದು ವಾಲ್ವ್ ಬೇಕಿಲ್ಲ. ಆ ಹೆಚ್ಚುವರಿ ಗೇನನ್ನು ಹೊರಗಿನ ನೆಗೆಟಿವ್ ಸುತ್ತು ಬಳಸಿಕೊಂಡು ಔಟ್‌ಪುಟ್ ಹಂತದ ವಿರೂಪವನ್ನು ತಗ್ಗಿಸುತ್ತದೆ.

ಸ್ಥಿರತೆಯ ಮಾತು ಬೇರೆ. ಪಾಸಿಟಿವ್ ಸುತ್ತಿನ ಗೇನ್, ಅಂದರೆ ಸಂಕೇತ ಒಂದು ಸುತ್ತು ಬಂದಾಗ ಮರಳುವ ಪಾಲು, 0.5 ಇದ್ದರೆ ಹಂತದ ಗೇನ್ ಎರಡು ಪಟ್ಟು, 0.9 ಇದ್ದರೆ ಹತ್ತು ಪಟ್ಟು. 1 ಮುಟ್ಟಿತೋ, ಆಂಪ್ಲಿಫೈಯರ್ ಹೋಗಿ ತಾನೇ ಸಂಕೇತ ಹುಟ್ಟಿಸುವ ಆಸಿಲೇಟರ್ ಆಗುತ್ತದೆ! 0.9ರ ಅಂಚಿನಲ್ಲಿ ನಿಂತವರಿಗೆ ವಾಲ್ವ್ ಬದಲಿಸಿದರೂ ಭಯ, ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿದರೂ ಭಯ. ನಾನಾದರೆ 0.5 ದಾಟುವುದಿಲ್ಲ.

ಆಸಿಲೋಸ್ಕೋಪ್ (ಸಂಕೇತದ ಅಲೆಯನ್ನು ತೆರೆಯ ಮೇಲೆ ತೋರುವ ಉಪಕರಣ) ಇಲ್ಲದವರಿಗೆ, ಮೊದಲ ಸಲ ಕಟ್ಟುವವರಿಗೆ ನೆಗೆಟಿವ್ ಒಂದೇ ಲೇಸು. ಗೇನ್ ಸಾಲದೆ, ಷಾಸಿಯಲ್ಲಿ ಇನ್ನೊಂದು ವಾಲ್ವಿಗೆ ಜಾಗವೂ ಇಲ್ಲದವರು ಪಾಸಿಟಿವ್ ಸೇರಿಸಬಹುದು. ಆಗ ಹೆಚ್ಚು ಓಮ್‌ಗಳ ರೆಸಿಸ್ಟರಿನಿಂದ ಆರಂಭಿಸಿ, ಸ್ಕೋಪ್ ನೋಡುತ್ತಾ ಇಳಿಸುತ್ತಾ ಬನ್ನಿ.