ಬೋರ್ ಅಳತೆ ಕೂಡಿತೆಂದು ಪಿಸ್ಟನ್ ಹಾಕಬೇಡಿ

ಲಾರಿಯ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟಲು ಹೊರಟವರು ದಯವಿಟ್ಟು ಇದನ್ನು ಓದಿ, ಆಮೇಲೆ ಪಿಸ್ಟನ್ ಸೆಟ್ಟಿಗೆ ದುಡ್ಡು ಕೊಡಿ.

ಒಂದು ಲಾರಿಯಲ್ಲಿ ಆದದ್ದು ಹೇಳುತ್ತೇನೆ. ಆರು ಸಿಲಿಂಡರಿನ ಟರ್ಬೊ ಎಂಜಿನ್. ಬೋರ್ (ಸಿಲಿಂಡರಿನ ಒಳವ್ಯಾಸ) 105 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 120 ಮಿ.ಮೀ., ಕಂಪ್ರೆಷನ್ ಅನುಪಾತ (ಗಾಳಿ ಎಷ್ಟು ಪಟ್ಟು ಒತ್ತಿ ಕಿರಿದಾಗುತ್ತದೆ ಎಂಬ ಲೆಕ್ಕ) 17.5. ಲೈನರ್ (ಪಿಸ್ಟನ್ ಓಡುವ ಕೊಳವೆ) ಸವೆದಿದ್ದರಿಂದ ಪೂರ್ತಿ ಲೈನರ್-ಪಿಸ್ಟನ್ ಕಿಟ್ ತರಿಸಲಾಯಿತು. ವ್ಯಾಸ ಸರಿ, ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವುದು) ಸರಿ, ರಿಂಗ್ ಸರಿ. ಕನೆಕ್ಟಿಂಗ್ ರಾಡಿಗೆ ಕೂತಿತು, ಲೈನರಿನಲ್ಲಿ ಇಳಿಯಿತು, ಹೆಡ್ ಮುಚ್ಚಿದ್ದಾಯಿತು. ಮೊದಲ ದಿನದಿಂದಲೇ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಕಾವೇರುವವರೆಗೆ ಮಿಸ್ಸಿಂಗ್. ನಾಜಲ್ ಬದಲಾಯಿಸಿದರೂ ಹೊಗೆ ನಿಲ್ಲಲಿಲ್ಲ. ಪಂಪ್ ಟೈಮಿಂಗ್ ಅಡ್ವಾನ್ಸ್ ಮಾಡಿದಾಗ ಹೊಗೆ ಇಳಿಯಿತು, ಆದರೆ ಬಡಿತ ಹೆಚ್ಚಿತು. ಭಾರ ಹೊತ್ತು ಉದ್ದದ ಏರು ಹತ್ತಿದ ಮೇಲೆ ಎಂಜಿನ್ನಿನ ಕೆಳಭಾಗದ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದಲೂ ಹೊಗೆ ನುಗ್ಗತೊಡಗಿತು. ಬಿಚ್ಚಿ ನೋಡಿದರೆ ನಾಲ್ಕನೇ ಪಿಸ್ಟನ್ನಿನ ಬೌಲ್ (ತಲೆಯಲ್ಲಿನ ಬಟ್ಟಲಿನಂಥ ಗುಂಡಿ) ಅಂಚಿನಲ್ಲಿ, ಪಿನ್ನಿನ ನೇರಕ್ಕೆ, ಬಿರುಕು. ಬೇರೆ ಮೂರು ಪಿಸ್ಟನ್‌ಗಳಲ್ಲಿ ಮೇಲಿನ ರಿಂಗ್ ಮಸಿ ಕಟ್ಟಿ ಗ್ರೂವಿನಲ್ಲೇ (ರಿಂಗ್ ಕೂರುವ ಕಚ್ಚಿನಲ್ಲೇ) ಅಂಟಿ ಕೂತಿತ್ತು.

ಹಳೆಯ ಪಿಸ್ಟನ್ನಿನ ಪಕ್ಕ ಹೊಸದನ್ನಿಟ್ಟು ಅಳೆದಾಗ ಎರಡು ತಪ್ಪು ಸಿಕ್ಕವು.

ಮೊದಲನೆಯದು ಕಂಪ್ರೆಷನ್ ಹೈಟ್, ಅಂದರೆ ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ. ಹೊಸದರಲ್ಲಿ ಅದು 0.6 ಮಿ.ಮೀ. ಕಡಿಮೆ. ಇಷ್ಟೇ ತಾನೆ ಅನ್ನಿಸಬಹುದು, ಲೆಕ್ಕ ಹಾಕಿ ನೋಡಿ. ಈ ಎಂಜಿನ್ನಿನ ಒಂದು ಸಿಲಿಂಡರ್ ಸುಮಾರು 1039 ಸಿಸಿ. 17.5 ಅನುಪಾತಕ್ಕೆ ಪಿಸ್ಟನ್ ಮೇಲೆ ಬಂದು ನಿಂತಾಗ ಉಳಿಯಬೇಕಾದ ಜಾಗ 63 ಸಿಸಿ. 0.6 ಮಿ.ಮೀ. ಕೆಳಗೆ ನಿಂತರೆ ಅದಕ್ಕೆ 5.2 ಸಿಸಿ ಸೇರಿ ಅನುಪಾತ 16.2ಕ್ಕೆ ಬೀಳುತ್ತದೆ. ಗಾಳಿ ಸಾಕಷ್ಟು ಬಿಸಿಯಾಗದೆ ತಣ್ಣನೆಯ ಎಂಜಿನ್ನಿನಲ್ಲಿ ಡೀಸೆಲ್ ಅರೆಬರೆ ಉರಿಯುತ್ತದೆ. ಬಿಳಿ ಹೊಗೆ ಅದೇ. ಬ್ಲಾಕಿನ ಮೇಲ್ಮೈ ಮಷಿನ್ ಮಾಡಿಸಿದ ಎಂಜಿನ್‌ಗಳಿಗೆಂದೇ ಎತ್ತರ ಕಡಿಮೆ ಇರುವ ಪಿಸ್ಟನ್‌ಗಳೂ ಬರುತ್ತವೆ. ಡಬ್ಬಿಯ ಮೇಲಿನ ಬೋರ್ ಸಂಖ್ಯೆ ಮಾತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು. ಹಳೆಯ ಪಿಸ್ಟನ್ನಿನ ತಲೆಯೊಳಗೆ ಸುತ್ತಲೂ ಆಯಿಲ್ ಗ್ಯಾಲರಿ, ಅಂದರೆ ಆಯಿಲ್ ಹರಿಯುವ ಸುರಂಗ, ಇತ್ತು. ಕೆಳಗಿನ ಜೆಟ್ ಅದರ ತೂತಿಗೆ ಆಯಿಲ್ ಚಿಮ್ಮಿಸಿ ಬೌಲ್ ಅಂಚನ್ನೂ ಮೇಲಿನ ರಿಂಗ್ ಗ್ರೂವನ್ನೂ ತಣ್ಣಗಿಡುತ್ತಿತ್ತು. ಹೊಸದರಲ್ಲಿ ಗ್ಯಾಲರಿಯೇ ಇಲ್ಲ. ಜೆಟ್ಟಿನ ಆಯಿಲ್ ಒಳತಳಕ್ಕೆ ಬಡಿದು ಬೀಳುತ್ತದೆ ಅಷ್ಟೆ, ಅಂಚಿನ ಕಾವು ಇಳಿಯುವುದಿಲ್ಲ. ಗ್ರೂವಿನಲ್ಲಿ ಆಯಿಲ್ ಸುಟ್ಟು ಮಸಿಯಾಗಿ ರಿಂಗ್ ಹಿಡಿದುಕೊಳ್ಳುತ್ತದೆ, ಬ್ಲೋ-ಬೈ, ಅಂದರೆ ರಿಂಗ್ ದಾಟಿ ಗ್ಯಾಸ್ ಕೆಳಗೆ ನುಗ್ಗುವುದು, ಶುರುವಾಗುತ್ತದೆ. ಇದರ ಮೇಲೆ ಟೈಮಿಂಗ್ ಅಡ್ವಾನ್ಸ್ ಮಾಡಿದ್ದು ಬೆಂಕಿಗೆ ತುಪ್ಪ ಸುರಿದ ಹಾಗೆ: ಒತ್ತಡವೂ ಕಾವೂ ಎರಡೂ ಏರಿದವು. ಹೊಸದಾಗಿ ಕಟ್ಟಿದ ಎಂಜಿನ್ ಹೊಗೆ ಉಗುಳಿದರೆ ಟೈಮಿಂಗ್ ಮುಟ್ಟುವ ಮುನ್ನ ಕಂಪ್ರೆಷನ್ ಗೇಜ್ ಹಾಕಿ. ಆರೂ ಸಿಲಿಂಡರ್ ಒಂದೇ ಸಮ ಕಡಿಮೆ ತೋರಿಸಿದರೆ ಪಿಸ್ಟನ್ ಮೇಲೆಯೇ ಮೊದಲ ಅನುಮಾನ ಪಡಿ.

ಆದ್ದರಿಂದ ಹಳೆಯ ಪಿಸ್ಟನ್‌ಗಳನ್ನು ಗುಜರಿಗೆ ಹಾಕಬೇಡಿ. ಕನಿಷ್ಠ ಒಂದನ್ನು ಮಸಿ ತೊಳೆದು ಅಂಗಡಿಗೇ ಒಯ್ಯಿರಿ. ಗಾಡಿಯ ಮಾಡೆಲ್ ಹೇಳಿ ಕೇಳಬೇಡಿ, ಎಂಜಿನ್ ನಂಬರ್ ಕೊಡಿ. ಒಂದೇ ಹೆಸರಿನ ಎಂಜಿನ್ ಬೇರೆ ಬೇರೆ ಶಕ್ತಿಗೆ, ಬೇರೆ ಬೇರೆ ಹೊಗೆ ನಿಯಮಕ್ಕೆ ತಯಾರಾಗಿರುತ್ತದೆ, ಪಿಸ್ಟನ್ನೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಕಂಪ್ರೆಷನ್ ಹೈಟ್ ಅಳೆಯಲು ಪಿಸ್ಟನ್ನನ್ನು ಸಮತಟ್ಟಾದ ಪ್ಲೇಟಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಪಿನ್ ತೂರಿಸಿ, ಪ್ಲೇಟಿನಿಂದ ಪಿನ್ನಿನ ಮೇಲ್ಬದಿಯವರೆಗೆ ಅಳೆದು ಪಿನ್ ವ್ಯಾಸದ ಅರ್ಧ ಕಳೆಯಿರಿ. ಹಳೆಯದಕ್ಕೂ ಹೊಸದಕ್ಕೂ ಇದೇ ಕ್ರಮ. ಬೌಲಿಗೆ ಸಿರಿಂಜಿನಿಂದ ಸೀಮೆಎಣ್ಣೆ ತುಂಬಿ ಎಷ್ಟು ಸಿಸಿ ಹಿಡಿಯಿತೆಂದು ಎರಡರಲ್ಲೂ ನೋಡಿ. ಬೌಲಿನ ಆಕಾರವೂ ಒಂದೇ ಇರಬೇಕು: ಇಂಜೆಕ್ಟರ್ ಸಿಂಪಡಿಸುವ ಕೋನಕ್ಕೆ ಹೊಂದಿಸಿ ಅದನ್ನು ಮಾಡಿರುತ್ತಾರೆ, ಹೊಂದದಿದ್ದರೆ ಡೀಸೆಲ್ ಗೋಡೆಗೆ ಬಡಿದು ಕಪ್ಪು ಹೊಗೆಯಾಗುತ್ತದೆ.

ಪಿನ್ ಕೂರುವ ಭಾಗವನ್ನು ಒಳಗಿನಿಂದ ನೋಡಿ. ರಾಡಿನ ಸಣ್ಣ ತುದಿ ಮೇಲಕ್ಕೆ ಹೋದಂತೆ ಕಿರಿದಾಗಿದ್ದರೆ ಪಿಸ್ಟನ್ನಿನ ಒಳಭಾಗವೂ ಅದಕ್ಕೆ ತಕ್ಕ ಇಳಿಜಾರಿನಲ್ಲಿರಬೇಕು. ಅಲ್ಲಿ ನೇರ ಗೋಡೆಯ ಪಿಸ್ಟನ್ ಹಾಕಿದರೂ ಕೂರುತ್ತದೆ, ಆದರೆ ಪಿನ್ನಿಗೆ ಆಸರೆ ಕಡಿಮೆಯಾಗುತ್ತದೆ. ಮೇಲಿನ ಗ್ರೂವ್ ಇಳಿಜಾರಾಗಿದ್ದರೆ ಅದೇ ಇಳಿಜಾರಿನ ಕೀಸ್ಟೋನ್ ರಿಂಗೇ ಬೇಕು, ಚೌಕ ರಿಂಗ್ ಅಲ್ಲಿ ನಿಲ್ಲದು.

ವ್ಯಾಸವನ್ನು ಪಿನ್ನಿಗೆ ಅಡ್ಡವಾಗಿ, ಸ್ಕರ್ಟಿನಲ್ಲಿ (ಪಿಸ್ಟನ್ನಿನ ಕೆಳಗಿನ ಗೋಡೆಯಲ್ಲಿ) ಮ್ಯಾನುಯಲ್ ಹೇಳಿದ ಎತ್ತರದಲ್ಲೇ ಮೈಕ್ರೋಮೀಟರಿನಿಂದ ಅಳೆಯಿರಿ. ಪಿಸ್ಟನ್ ಪೂರ್ತಿ ಗುಂಡಗಿರುವುದಿಲ್ಲ, ಬೇರೆಡೆ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಆರೂ ಪಿಸ್ಟನ್ನುಗಳನ್ನು ತೂಗಿ. ಹೆಚ್ಚು ಭಾರದ್ದಕ್ಕೂ ಕಡಿಮೆ ಭಾರದ್ದಕ್ಕೂ ನಡುವಿನ ವ್ಯತ್ಯಾಸ ಮ್ಯಾನುಯಲ್ ಮಿತಿಯೊಳಗಿರಲಿ. ಒಂದೇ ಒಂದು ಒಡೆದಿದೆಯೆಂದು ಬೇರೆ ಕಂಪನಿಯ ಬಿಡಿ ಪಿಸ್ಟನ್ ಸೇರಿಸುವವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ.

ಜೆಟ್ ಇರುವ ಎಂಜಿನ್ನಿನಲ್ಲಿ ಸ್ಕರ್ಟಿನ ಕೆಳಗೆ ಜೆಟ್ಟಿಗಾಗಿ ಕತ್ತರಿಸಿದ ಕಚ್ಚು ಇರಬೇಕು, ಅದು ಜೆಟ್ಟಿನ ಕಡೆಗೇ ಬರಬೇಕು. ಪಿಸ್ಟನ್ ಇಳಿಸಿದ ಮೇಲೆ ಸ್ಟಾರ್ಟರ್ ಮುಟ್ಟದೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಿಯಾದರೂ ತಡೆದರೆ ಬಲ ಹಾಕಬೇಡಿ. ಜೆಟ್ ಸ್ವಲ್ಪ ಬಾಗಿದರೂ ಆಯಿಲ್ ಗ್ಯಾಲರಿಯ ತೂತು ತಪ್ಪುತ್ತದೆ.

ಹೆಡ್ ಕೂರಿಸುವ ಮುನ್ನ ಪ್ರತಿ ಪಿಸ್ಟನ್ನೂ ಬ್ಲಾಕಿನ ಮೇಲ್ಮೈಯಿಂದ ಎಷ್ಟು ಹೊರಬಂದಿದೆ, ಅಥವಾ ಎಷ್ಟು ಕೆಳಗಿದೆ ಎಂದು ಡಯಲ್ ಗೇಜಿನಿಂದ ನೋಡಿ. ಗೇಜಿನ ಮೊನೆ ಪಿನ್ನಿನ ನೇರಕ್ಕಿರಲಿ. ಪಿಸ್ಟನ್ ಅಡ್ಡಕ್ಕೆ ವಾಲುತ್ತದೆ, ಆ ಕಡೆ ಇಟ್ಟರೆ ಅಂಕಿ ಓಲಾಡುತ್ತದೆ. ಅತಿ ಹೆಚ್ಚು ಹೊರಬಂದ ಪಿಸ್ಟನ್ನಿಗೆ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಿ. ಆರೂ ಕಡೆ ಮ್ಯಾನುಯಲ್ ಅಂಕಿಗಿಂತ ಅರ್ಧ ಮಿಲಿಮೀಟರಿನಷ್ಟು ಕೆಳಗೇ ನಿಂತಿದ್ದರೆ, ರಾಡ್ ಬೋಲ್ಟ್ ಬಿಗಿದಾಗಿದೆ ಎಂದು ನೋಡಬೇಡಿ, ಹೊರತೆಗೆಯಿರಿ.